ಮಾತು ಬಿಟ್ಟ ರೇಡಿಯೋ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಕ್ಷೌರದಂಗಡಿಯ ಬಾಗಿಲು ತೆರೆದಾಗ ಶುರುವಾದ ಮಾತು ಬಾಗಿಲು ಎಳೆಯುವವರೆಗೂ ನಿಲ್ಲುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಅವನು ರೇಡಿಯೋ. ಯಾರ ನಾಯಿ ಯಾರ ಚಪ್ಪಲಿ ಕದ್ದಿತು, ಯಾವ ಮೇಷ್ಟರು ತರಗತಿಯಲ್ಲೇ ನಿದ್ದೆಹೋದರು, ಎಲ್ಲವೂ ಅವನ ಬಾಯಲ್ಲಿ ಒಂದಕ್ಕೆರಡಾಗಿ ಹೊರಬರುತ್ತಿತ್ತು.

ಇಂಥವನು ಒಂದು ಮಧ್ಯಾಹ್ನ ಬಿಸಿಲಿಗೆ ಹೆದರಿ ವಾಚನಾಲಯದೊಳಗೆ ಹೊಕ್ಕ. ಫ್ಯಾನಿನ ಕೆಳಗೆ ಕುರ್ಚಿ ಖಾಲಿ ಇತ್ತು. ಯಾರೋ ಒಬ್ಬರು ಸರಳ ಬದುಕಿನ ಬಗ್ಗೆ ಭಾಷಣ ಮಾಡುತ್ತಿದ್ದರು. "ಮನೆಯಲ್ಲಿ ಬೇಡದ ಸಾಮಾನು ಹೇಗೆ ಭಾರವೋ, ಬಾಯಲ್ಲಿ ಬೇಡದ ಮಾತೂ ಹಾಗೆಯೇ. ಎರಡನ್ನೂ ಇಳಿಸಿ ನೋಡಿ" ಎಂದರು. ರೇಡಿಯೋಗೆ ತನ್ನತ್ತಲೇ ಬೆರಳು ತೋರಿಸಿ ಹೇಳಿದಂತಾಯಿತು. ತಲೆ ನರೆಯುತ್ತಿದೆ, ಈಗಲೂ ಸುಧಾರಿಸದಿದ್ದರೆ ಇನ್ನು ಯಾವಾಗ?

ಗಿರಾಕಿಗಳು ಸರದಿಗೆ ಕಾಯುತ್ತ ಕೂರುತ್ತಿದ್ದ ಕುಂಟು ಸ್ಟೂಲು, ಹಲ್ಲುದುರಿದ ಬಾಚಣಿಗೆಗಳು, ಒಣಗಿದ ಕ್ರೀಮಿನ ಡಬ್ಬಿಗಳು, ಹಳೇ ಕ್ಯಾಲೆಂಡರುಗಳು ಮರುದಿನವೇ ಗುಜರಿಗೆ ಹೋದವು. ಅಂಗಡಿಗೆ ಬೆಳಕು ಬಂತು. ಅದೇ ಹುರುಪಿನಲ್ಲಿ ಮಾತನ್ನೂ ಇಳಿಸಿದ. ಕೇಳಿದ್ದಕ್ಕಷ್ಟೇ ಉತ್ತರ, ಅದೂ ನಿಜವಾಗಿದ್ದರೆ ಮಾತ್ರ.

"ಏನಯ್ಯಾ, ಸೆಲ್ ಮುಗಿದು ಹೋಯ್ತಾ?" ಎಂದ ಪಕ್ಕದಂಗಡಿಯ ಗಡಿಯಾರ ರಿಪೇರಿಯವನು, ಗಲ್ಲದ ತುಂಬ ನೊರೆ ಇಟ್ಟುಕೊಂಡು.

"ಇಲ್ಲ."

"ಹೆಂಡ್ತಿ ಜೊತೆ ಜಗಳಾನಾ?"

"ಇಲ್ಲ."

"ಮತ್ತೇನು ರೋಗ ನಿಂಗೆ? ಕತ್ತಿ ಹಿಡ್ಕೊಂಡೋನು ಹೀಗೆ ಸುಮ್ಮನಿದ್ರೆ, ಕೂತೋನಿಗೆ ಜೀವ ಕೈಯಲ್ಲಿರುತ್ತೆ ಕಣಯ್ಯಾ!"

ರೇಡಿಯೋ ಮುಗುಳ್ನಕ್ಕ. ನಗು ಮಾತಲ್ಲವಲ್ಲ.

ಎಡವಟ್ಟಾದದ್ದು ಭಾನುವಾರ. ಅಣ್ಣ ಬರುವ ದಿನ ಅದು. ಲಾರಿ ಓಡಿಸುತ್ತಿದ್ದ ಅಣ್ಣನಿಗೆ ಲಕ್ವ ಹೊಡೆದು ಬಲಗೆನ್ನೆ ಜೋತುಬಿದ್ದಿತ್ತು, ಮಾತು ಹೋಗಿತ್ತು. ಬಾಯಲ್ಲಿ ಉಳಿದದ್ದು ಒಂದೇ ಒಂದು ಪದ, "ಹೌದಾ?" ಅವನು ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕೂತರೆ ರೇಡಿಯೋ ವಾರದ ಸುದ್ದಿಯೆಲ್ಲ ಬಿಚ್ಚುತ್ತಿದ್ದ, ಅಣ್ಣ ಹೌದಾ ಹೌದಾ ಎನ್ನುತ್ತಿದ್ದ, ಅಷ್ಟರಲ್ಲಿ ಕ್ಷೌರ ಮುಗಿದಿರುತ್ತಿತ್ತು.

ಆ ಭಾನುವಾರ ರೇಡಿಯೋ ತುಟಿ ಬಿಚ್ಚಲಿಲ್ಲ. ಸಡಿಲ ಚರ್ಮದ ಮಡಿಕೆಗೆ ಕತ್ತಿ ಸಿಕ್ಕಿಕೊಂಡು ರಕ್ತ ಬಂತು. ಹಿಂದೆಂದೂ ಹೀಗಾಗಿರಲಿಲ್ಲ. ಅಣ್ಣ ಕನ್ನಡಿಯಲ್ಲಿ ತಮ್ಮನ ಮುಖವನ್ನೇ ನೋಡಿದ, ಟವೆಲ್ಲು ಪಕ್ಕಕ್ಕಿಟ್ಟು ಎದ್ದು ಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಬಂದವಳು ಅತ್ತಿಗೆ. ಸಂತೆಯ ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತಳು.

"ಏನಪ್ಪಾ, ನಿಮ್ಮಣ್ಣನ ಮೇಲೆ ಏನು ಸಿಟ್ಟು ನಿಂಗೆ?"

"ನಂಗ್ಯಾಕೆ ಸಿಟ್ಟು ಅತ್ತಿಗೆ?"

"ಮತ್ತೆ ಮುಖ ಊದಿಸ್ಕೊಂಡು ಕೆನ್ನೆ ಕುಯ್ದು ಕಳಿಸಿದ್ಯಲ್ಲ. ಅವರು ಮನೆ ಬಿಟ್ಟು ಹೊರಡ್ತಿಲ್ಲ. ಗಡ್ಡ ನೋಡಿದ್ರೆ ಮೊಮ್ಮಗು ಕಿರುಚುತ್ತೆ. ಇರೋದೊಂದು ಮಾತು, ಅದನ್ನೂ ಆಡ್ತಿಲ್ಲ."

"ನಾನು ಸುಧಾರಿಸ್ತಾ ಇದೀನಿ ಅತ್ತಿಗೆ, ಅದಕ್ಕೇ ಮಾತು ಕಡಿಮೆ..."

"ನೀನು ಚೆನ್ನಾಗಿ ಸುಧಾರಿಸು. ನನ್ನ ಗಂಡ ಹಾಳಾಗ್ತಿದಾರೆ."

ಸಂಜೆ ಅವನು ಕತ್ತಿ, ಬ್ರಷ್ಷು ಚೀಲಕ್ಕೆ ಹಾಕಿಕೊಂಡು ಅಣ್ಣನ ಮನೆಗೆ ಹೋದ. ಕಿಟಕಿಯ ಪಕ್ಕ ಕೂರಿಸಿ ನೊರೆ ಹಚ್ಚಿದ. ಎಡಗೆನ್ನೆ ಸುಲಭವಾಗಿ ಮುಗಿಯಿತು. ಬಲಗೆನ್ನೆಯನ್ನು ಹೆಬ್ಬೆರಳಿನಿಂದ ಎಳೆದು ಹಿಡಿಯಹೋದರೆ ಅಣ್ಣ ಬೆಚ್ಚಿ ತಲೆ ತಿರುಗಿಸಿದ. ಏನಾದರೂ ಹೇಳಬೇಕಿತ್ತು. ಆದರೆ ಮಾತಿನ ಜೊತೆಗೆ ಬೀದಿಯ ಸುದ್ದಿ ಕೇಳುವುದನ್ನೂ ಬಿಟ್ಟಿದ್ದ ತನ್ನ ಬಳಿ ಹೇಳಲು ಏನಿದೆ?

"ಇವತ್ತು ಬಿಸಿಲು ಜಾಸ್ತಿ ಅಣ್ಣ."

ಅಣ್ಣ ಕಿಟಕಿಯಾಚೆ ನೋಡಿದ.

"ಅಂಗಡಿ ಸ್ಟೂಲು ಗುಜರಿಗೆ ಹಾಕ್ದೆ."

ಅದಕ್ಕೂ ಅಣ್ಣ ಮಿಸುಕಲಿಲ್ಲ. ನಿಜವಾದ ಮಾತುಗಳು ಅಲ್ಲಿಗೆ ಮುಗಿದವು. ನೊರೆ ಒಣಗತೊಡಗಿತು.

"ಪಕ್ಕದ ಗಡಿಯಾರದೋನು ಇದಾನಲ್ಲ ಅಣ್ಣ... ಯಾರದೋ ವಾಚು ನುಂಗ್ಬಿಟ್ಟ."

ಅಣ್ಣನ ಕಣ್ಣು ಹೊರಳಿತು. "ಹೌದಾ?"

ಬಾಯಿ ಅಗಲವಾಗುತ್ತಿದ್ದಂತೆ ಜೋತುಬಿದ್ದ ಕೆನ್ನೆ ಎಳೆದು ಕಟ್ಟಿದ ಬಟ್ಟೆಯಂತೆ ಬಿಗಿಯಾಯಿತು. ರೇಡಿಯೋ ಯೋಚಿಸುವ ಮೊದಲೇ ಕತ್ತಿ ನುಣ್ಣಗೆ ಇಳಿದಿತ್ತು. ಇಷ್ಟು ವರ್ಷ ತನ್ನ ಕೈ ಕಾಯುತ್ತಿದ್ದದ್ದು ಆ 'ಹೌದಾ'ಗಾಗಿ ಎಂದು ಅವನಿಗೆ ಹೊಳೆದದ್ದು ಆಗಲೇ.

"ಡಾಕ್ಟ್ರು ಅವನ ಹೊಟ್ಟೆ ಮೇಲೆ ಕಿವಿಯಿಟ್ಟು ಟೈಮು ಸರಿಮಾಡ್ಕೊಂಡ್ರಂತೆ!"

"ಹೌದಾ?"

ಅಡುಗೆಮನೆಯಿಂದ ಅತ್ತಿಗೆಯ ನಗು ಕೇಳಿಸಿತು. ಕ್ಷೌರ ಮುಗಿಯಿತು. ರೇಡಿಯೋ ಮನೆಗೆ ಬಂದು ಊಟಕ್ಕೆ ಕೂತರೂ ಅದೇ ಯೋಚನೆ. ಒಳ್ಳೇ ಕೆಲಸ ಮಾಡಿದೆನೋ, ಹಳೇ ಚಾಳಿಗೆ ಬಿದ್ದೆನೋ?

ಭಾನುವಾರ ಅಣ್ಣ ಕೋಲೂರಿಕೊಂಡು ತಾನೇ ಬಂದ. ಅವನ ಸವಾರಿ ನೋಡಿ ಬೀದಿಯ ನಾಲ್ಕಾರು ಜನ ಹಿಂದೆಯೇ ಬಂದು ಗೋಡೆಗೊರಗಿ ನಿಂತರು. ಗಡಿಯಾರದವನೂ ಇದ್ದ. ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ಅಣ್ಣ ಅವನ ಹೊಟ್ಟೆಯನ್ನೇ ದಿಟ್ಟಿಸಿ, ತಮ್ಮನ ಕಡೆ ತಿರುಗಿ, "ಹೌದಾ?" ಎಂದ.

"ಏನು ಹೌದಾ? ನನ್ನ ಹೊಟ್ಟೇಲಿ ಏನಿದೆ?" ಎಂದ ಗಡಿಯಾರದವನು.

ರೇಡಿಯೋನ ಕತ್ತಿ ಗಾಳಿಯಲ್ಲೇ ನಿಂತಿತು. ಇಲ್ಲ ಎಂದರೆ ಅಣ್ಣನಿಗೆ ಮೋಸಮಾಡಿದಂತೆ. ಹೌದು ಎಂದರೆ ಭಾಷಣದವರಿಗೆ, ತನಗೆ. ಅಣ್ಣ ಕಾಯುತ್ತಿದ್ದ. ಕೆನ್ನೆ ಆಗಲೇ ಜೋಲುತ್ತಿತ್ತು.

"ಆ ವಾಚು ಸದ್ಯಕ್ಕೆ ಐದು ನಿಮಿಷ ಹಿಂದೆ ಓಡ್ತಾ ಇದೆಯಂತೆ ಅಣ್ಣ" ಎಂದ. "ಹೌದಾ?" ಎಂದ ಅಣ್ಣ. ಕತ್ತಿ ಇಳಿಯಿತು. ಗೋಡೆಗೊರಗಿದವರು ಹೋ ಎಂದರು.

ಮಧ್ಯಾಹ್ನ ಅಂಗಡಿ ಗುಡಿಸಿದ. ನಿಂತು ಕಾದವರ ಕಾಲು ನೋವು ನೆನಪಾಗಿ ಸ್ಟೂಲು ಕೇಳಿಬರೋಣವೆಂದು ಗುಜರಿ ಅಂಗಡಿಯ ಕಡೆ ಹೊರಟ. ಬೀದಿಯ ತಿರುವಿನಲ್ಲಿ ಕಾಲು ತಾನಾಗಿ ನಿಂತಿತು. ವಾಪಸು ತಂದರೆ ಸೋತಂತೆಯೋ? ತರದಿದ್ದರೆ ಗೆದ್ದಂತೆಯೋ? ಎದುರಿಗೆ ಬಂದವರೊಬ್ಬರು, "ಏನ್ ರೇಡಿಯೋ, ದಾರಿ ತಪ್ಪಿತಾ?" ಎಂದರು.

ನಿಜವನ್ನೇ ಹೇಳಬೇಕೆಂದಿದ್ದವನಿಗೆ ಯಾವುದು ನಿಜವೆಂದು ತಿಳಿಯದೆ, ಸುಮ್ಮನೆ ತಲೆ ಕೆರೆದುಕೊಂಡ.