ಮಿಡತೆಯ ಕಾಲಿಗೆ ಉಪ್ಪು

ಕ್ಲೋರೋಫಾರಂ ಸಾಲದೆ ಕಪ್ಪೆಗೆ ನಡುವೆಯೇ ಎಚ್ಚರವಾಗಬಹುದಿತ್ತು. ಕತ್ತರಿ ಜಾರಿ ದೊಡ್ಡ ರಕ್ತನಾಳ ತುಂಡಾಗಿ ಟ್ರೇ ತುಂಬ ಕೆಂಪಾಗಬಹುದಿತ್ತು. ಬನಶಂಕರಿಯಿಂದ ಜಯನಗರಕ್ಕೆ ಹೋಗುವ ಬಸ್ಸು ಬಾರದೆಯೇ ಇರಬಹುದಿತ್ತು. ಬಂದರೂ ನಿಲ್ಲಿಸದೆ ಹೋಗಬಹುದಿತ್ತು. ಹಾಲ್ ಟಿಕೆಟ್ ಮನೆಯಲ್ಲೇ ಉಳಿಯಬಹುದಿತ್ತು. ಉಳಿಯದಿದ್ದರೆ, ಜೇಬಿನಲ್ಲಿ ಅದನ್ನು ಮುಟ್ಟಿ ಮುಟ್ಟಿ ನೋಡಿಯೇ ನನ್ನ ನಂಬರು ಅಳಿಸಿಹೋಗಬಹುದಿತ್ತು. ತಲೆ ಸುತ್ತಿ ನಾನೂ ಕಪ್ಪೆಯ ಪಕ್ಕದಲ್ಲೇ ಮಲಗಿಬಿಡಬಹುದಿತ್ತು.

ಪಿಯುಸಿ ಜೀವಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ, ಎಪ್ಪತ್ತರ ದಶಕದ ಕೊನೆ. ನನಗದು ಎರಡನೆಯ ಸಲ. “ಈ ಸಲಾನೂ ಹೋದ್ರೆ ಓದಿದ್ದು ಸಾಕು. ಸುದ್ದಗುಂಟೆಪಾಳ್ಯಕ್ಕೆ ಹೋಗಿ ಚಿಕ್ಕಪ್ಪನ ಹಿಟ್ಟಿನ ಮಿಲ್ ನೋಡ್ಕೋ” ಎಂದು ಅಪ್ಪ ಹೇಳಿಯಾಗಿತ್ತು. ಹೇಳಿದ್ದನ್ನು ಬದಲಿಸುವವರಲ್ಲ ಅವರು.

ಹೆದರಿದ್ದು ಯಾವುದೂ ನಡೆಯಲಿಲ್ಲ. ಬಸ್ಸು ಬಂತು, ಕಪ್ಪೆ ಸುಮ್ಮನೆ ಮಲಗಿತ್ತು. ಎಲ್ಲ ಇಷ್ಟು ಸಲೀಸಾಗಿದ್ದೇ ನನಗೆ ಅಪಶಕುನದಂತೆ ಕಂಡಿತು. ಕೊನೆಗೆ ಉಳಿದದ್ದು ವೈವಾ. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಸೀಸೆಯೊಳಗಿನ ಮಿಡತೆಯನ್ನು ತೋರಿಸಿದರು.

“ಇದರ ಹಿಂಗಾಲು ಯಾವ ಟೈಪಪ್ಪ?”

“ಸಾಲ್ಟಟೋರಿಯಲ್, ಸಾರ್.”

“ಗುಡ್. ಹಾಗಂದ್ರೆ?”

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ್ದ ನಾನು, ಇಂಗ್ಲಿಷಿನ ಉದ್ದುದ್ದ ಪದಗಳನ್ನು ಮುರಿದು ಗೊತ್ತಿರುವ ಚೂರಿನಿಂದ ಅರ್ಥ ಕಟ್ಟಿಕೊಳ್ಳುತ್ತಿದ್ದೆ. ಸಾಲ್ಟ್ ಎಂದರೆ ಉಪ್ಪು. ಸಾಲದ್ದಕ್ಕೆ, ಆಗತಾನೆ ಸತ್ತ ಕಪ್ಪೆಯ ತೊಡೆಗೆ ಉಪ್ಪು ಉದುರಿಸಿದರೆ ಅದು ಅದುರುವುದನ್ನು ಕ್ಲಾಸಿನಲ್ಲೇ ತೋರಿಸಿದ್ದರು. ಬೀಗ ಹಾಕಿದ ಬಾಗಿಲನ್ನು ಮತ್ತೆ ಮತ್ತೆ ಎಳೆದು ನೋಡುವ ನಾನು, ಈ ಪದವೊಂದನ್ನು ಮಾತ್ರ ಡಿಕ್ಷನರಿಯಲ್ಲಿ ನೋಡಿರಲಿಲ್ಲ.

“ಉಪ್ಪು ಹಾಕಿದ್ರೆ ಅಲ್ಲಾಡೋ ಕಾಲು, ಸಾರ್.”

ಪರೀಕ್ಷಕರು ನಮ್ಮ ಮೇಷ್ಟ್ರ ಕಡೆ ತಿರುಗಿದರು. “ಬನ್ನಿ ಸಾರ್ ಇಲ್ಲಿ. ನಿಮ್ಮ ಹುಡುಗ ಮಿಡತೆ ಉಪ್ಪಿನಕಾಯಿ ಹಾಕ್ತಾ ಇದಾನೆ.”

ಲ್ಯಾಬಿಗೆ ಲ್ಯಾಬೇ ನಕ್ಕಿತು. ಆಮೇಲೆ ಅವರು ಕೇಳಿದ್ದೆಲ್ಲ ನನಗೆ ಗೊತ್ತಿತ್ತು. ಒಂದಕ್ಕೂ ಬಾಯಿ ತೆರೆಯಲಾಗಲಿಲ್ಲ.

ಫಲಿತಾಂಶ ಬಂದ ಸಂಜೆಯೇ ಅಪ್ಪ ಚಿಕ್ಕಪ್ಪನಿಗೆ ಹೇಳಿ ಕಳಿಸಿದರು. ಅಂದಿನಿಂದ ಈ ನಡುವಯಸ್ಸಿನವರೆಗೆ ಊರವರ ರಾಗಿ ಬೀಸುತ್ತಲೇ ಇದ್ದೇನೆ. ಬೆಲ್ಟ್ ಹರಿದೀತೇ ಎಂದು ಹೆದರುತ್ತಲೂ ಇದ್ದೇನೆ. ಫಲಿತಾಂಶದ ದಿನ ಬೆಳಿಗ್ಗೆ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ಮೇಷ್ಟ್ರು ನನ್ನ ಪಕ್ಕ ಬಂದು ನಿಂತಿದ್ದರು.

“ಥಿಯರಿ ಎಲ್ಲಾ ಪಾಸಾಗಿದೆ ಕಣಯ್ಯ, ಪ್ರಾಕ್ಟಿಕಲ್‌ನಲ್ಲೇ ಹೋಗಿರೋದು. ಎಗರೋ ಕಾಲು ಅಂದಿದ್ರೆ ಆಗ್ತಿತ್ತಲ್ಲ.”