ಪಾಪಿ ಚಿರಾಯು

ಅಮೆರಿಕಕ್ಕೆ ಬಂದ ವಾರವೇ ಮನೆಯ ಮಾಲೀಕಳು ನನ್ನ ಕಾಲ ಬುಡಕ್ಕೆ ಬೆರಳು ಮಾಡಿ “ಪಾಪಿ! ಪಾಪಿ!” ಎಂದು ಕೂಗಿದಳು. ಬಾಡಿಗೆಯನ್ನೂ ಕೊಟ್ಟು ಬೈಗುಳವನ್ನೂ ತಿನ್ನಬೇಕೇ ಎಂದು ನನಗೆ ರೇಗಿತು. ಬಗ್ಗಿ ನೋಡಿದರೆ ನಾನು ಅವಳ ಪಾಪಿ ಎಂಬ ಹೂಗಿಡವನ್ನು ತುಳಿದು ನಿಂತಿದ್ದೆ. ಕಿತ್ತಳೆ ಬಣ್ಣದ ತೆಳ್ಳನೆಯ ಹೂವು. ನಮ್ಮ ಗಸಗಸೆಯ ದಾಯಾದಿಯಂತೆ, ಆದರೆ ಪಾಯಸಕ್ಕೆ ಬಾರದು.

ಮೌಂಟನ್ ವ್ಯೂ ಎಂಬ ಊರಿನಲ್ಲಿ ಅವಳ ಹಿತ್ತಲಿನ ಪುಟ್ಟ ಮನೆ ನಮ್ಮದು. ಗಂಡ ಕಂಪನಿಯ ಬಸ್ಸು ಹತ್ತಿ ಆಫೀಸಿಗೆ ಹೋದರೆ ಸಂಜೆಯವರೆಗೆ ನಾನು, ನಾಲ್ಕು ಗೋಡೆ. ಗಂಡನ ಬಾಲ ಹಿಡಿದು ಬಂದ ವೀಸಾ ನನ್ನದು, ದುಡಿಯುವಂತಿಲ್ಲ. ಕಾರು ಓಡಿಸಲು ಬಾರದು. ಹಾಸನದ ಹೈಸ್ಕೂಲಿನಲ್ಲಿ ಒಂದೇ ಗದರಿಕೆಗೆ ಇಡೀ ಕ್ಲಾಸನ್ನು ಕೂರಿಸುತ್ತಿದ್ದವಳು ಇಲ್ಲಿ ಗಿಡಗಳೊಂದಿಗೆ ಮಾತಾಡತೊಡಗಿದೆ. ಸಂಬಳವಿಲ್ಲದ ರಜೆಯೂ ಮುಗಿಯುತ್ತ ಬಂದಿತ್ತು. ಬಂದು ಸೇರಿ, ಇಲ್ಲವೇ ಕೆಲಸ ಬಿಡಿ ಎಂದಿದ್ದರು ಶಾಲೆಯವರು. ಅಲ್ಲಿ ಕೆಲಸ, ಇಲ್ಲಿ ಗಂಡ. ಹೋದರೆ ಮತ್ತೆ ವೀಸಾ ಸಿಗುವುದು ಯಾವಾಗಲೋ.

ಜೂನ್ ಎಂದರೆ ಊರಿನಲ್ಲಿ ಮೊದಲ ಮಳೆ, ಹೊಸ ಹಸಿರು. ಇಲ್ಲಿ ಜೂನಿನಲ್ಲಿ ಗುಡ್ಡಗಳೇ ಒಣಗಿ ನಿಲ್ಲುತ್ತವೆ. ಪಾಪಿಯೂ ಒಣಗಿತು. ತುಳಸಿಗೆ ನೀರೆರೆದ ಕೈ ಸುಮ್ಮನಿದ್ದೀತೇ? ದಿನಾ ಸ್ನಾನವಾದ ಮೇಲೆ ನಮ್ಮ ಬಾಗಿಲ ಮುಂದಿನ ಸಾಲಿಗೆ ಚೊಂಬು ಬಗ್ಗಿಸಿದೆ. ಮಾಲೀಕಳು ಕಂಡವಳೇ ಓಡಿ ಬಂದಳು.

“ಅದು ಸತ್ತಿಲ್ಲ, ಮಲಗಿದೆ. ವರ್ಷ ವರ್ಷವೂ ಹೀಗೆ ಮಲಗಿ ಮಳೆಗೆ ಏಳುತ್ತೆ. ನೀರು ಹಾಕಿದರೆ ಬೇರು ಕೊಳೆಯುತ್ತೆ, ಸುಮ್ಮನೆ ಬಿಡು.”

ಸುಮ್ಮನಿದ್ದು ಸುಮ್ಮನಿದ್ದೇ ನನಗೆ ಹುಚ್ಚು ಹಿಡಿಯುವಂತಾಗಿತ್ತು, ಇವಳು ಅದನ್ನೇ ಹೇಳುತ್ತಾಳೆ! ನಾನು ನೀರು ಕುಡಿಸಿದ ಸಾಲು ಅಷ್ಟರಲ್ಲಿ ಕೊಳೆತಿತ್ತು. ಆ ವಾರವೇ ಹಾಸನಕ್ಕೆ ರಾಜೀನಾಮೆ ಕಳಿಸಿದೆ. ಕಳಿಸಿ, ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ.

ದೀಪಾವಳಿ ಕಳೆದು ಮಳೆ ಬಿತ್ತು. ಒಂದು ಶನಿವಾರ ಗಂಡ ಹಿತ್ತಲಿನಿಂದ ಕೂಗಿದರು.

“ಬಾರೇ ಇಲ್ಲಿ, ಉಳಿದಿದ್ದೆಲ್ಲ ಚಿಗುರಿದೆ! ಪಾಪಿ ಚಿರಾಯು ಅಂತಾರಲ್ಲ, ಸುಳ್ಳಲ್ಲ ನೋಡು.”

“ಚಿಗುರದೆ ಏನ್ರೀ? ಅದಕ್ಕೆ ಇದೇ ಊರು,” ಎಂದೆ.

ಕುಕ್ಕರಗಾಲಲ್ಲಿ ಕೂತು, ಬೂದುಹಸಿರು ಎಲೆಗಳ ಸುತ್ತಲಿನ ಕಳೆಯನ್ನೆಲ್ಲ ಕಿತ್ತೆ. ಎಷ್ಟೋ ದಿನದ ಮೇಲೆ ಹಸಿವಾಯಿತು.

ಒಳಗೆ ಬರುವಾಗ ಅಮ್ಮನ ಫೋನು.

“ಮನೇಗ್ ಯಾವಾಗ್ ಬರ್ತೀಯೇ?”

“ಈಗ್ ತಾನೇ ಬಂದೆ ಕಣಮ್ಮ, ಹಿತ್ಲಲ್ಲಿದ್ದೆ,” ಎಂದುಬಿಟ್ಟೆ.

“ನಾನ್ ಕೇಳಿದ್ದು ಈ ಮನೆ ಕಣೇ,” ಎಂದಳು ಅಮ್ಮ. ಮಣ್ಣಿನ ಕೈಯಲ್ಲಿ ಫೋನು ಹಿಡಿದು ನಾನು ಹೊಸಿಲಲ್ಲೇ ನಿಂತೆ.