ತಲೆ ಎತ್ತಿ ಮಾತಾಡಿ ಎಂದ ದ್ವಾರಕಾನಾಥ

ಎಪ್ಪತ್ತರ ದಶಕದಲ್ಲಿ ಓದಲೆಂದು ನ್ಯೂಜೆರ್ಸಿಗೆ ಬಂದಿಳಿದ ಕನ್ನಡದ ಹುಡುಗ ಹುಡುಗಿಯರಲ್ಲಿ ದ್ವಾರಕಾನಾಥನ ಕಾರು ಹತ್ತದವರು ಕಡಿಮೆ. ಆಗಸ್ಟ್ ಬಂತೆಂದರೆ ಅವನ ಶನಿವಾರ ಭಾನುವಾರಗಳೆಲ್ಲ ಕೆನಡಿ ವಿಮಾನ ನಿಲ್ದಾಣಕ್ಕೇ ಮುಡಿಪು. ಬರುವವರು ಯಾರದೋ ಭಾವಮೈದುನ, ಯಾರದೋ ಪಕ್ಕದ ಮನೆಯವರ ಮಗಳು. ಇವನಿಗೆ ಏನೂ ಆಗಬೇಕಾದವರಲ್ಲ. ಆದರೂ ಫೋನ್ ಬಂದರೆ "ಆಯ್ತು, ಕರ್ಕೊಂಡು ಬರ್ತೀನಿ" ಎನ್ನುವುದು ಬಿಟ್ಟು ಬೇರೆ ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ. ನಮ್ಮವರು ಇಂಥವರನ್ನು ಚೆನ್ನಾಗಿ ದುಡಿಸಿಕೊಳ್ಳುತ್ತಾರೆ, ಬೆನ್ನ ಹಿಂದೆ ನಗುತ್ತಾರೆ.

ನಗುವುದಕ್ಕೆ ಕಾರಣ ಅವನ ಉಪದೇಶ. ಕಾರು ನಿಲ್ದಾಣ ಬಿಟ್ಟು ದೊಡ್ಡ ರಸ್ತೆಗೆ ಬಂದ ಕೂಡಲೇ ಅದು ಶುರುವಾಗುತ್ತಿತ್ತು.

"ನೋಡಪ್ಪ, ಬೇಳೆ ಎಲ್ಲಿ ಸಿಗುತ್ತೆ, ಕೋಟು ಎಲ್ಲಿ ಚೀಪ್ ಅಂತ ಯಾರಾದ್ರೂ ಹೇಳ್ತಾರೆ. ನಾನು ಹೇಳೋದು ಬೇರೆ. ಪುಸ್ತಕದಲ್ಲಿರೋದನ್ನ ಇದ್ದ ಹಾಗೇ ಬರೀಬೇಡ, ನಿನ್ನ ಮಾತಲ್ಲಿ ಬರಿ. ಪ್ರೊಫೆಸರು ಏನಾದ್ರೂ ಕೇಳಿದ್ರೆ ನೆಲ ನೋಡಬೇಡ. ತಲೆ ಎತ್ತಿ ಮಾತಾಡು. ಅವರು ತಪ್ಪು ತಿಳ್ಕೊಂಡಿದ್ರೆ ನೀನೇ ಹೋಗಿ ಬಾಗಿಲು ತಟ್ಟು. ಕರೀತಾರೆ ಅಂತ ಕಾಯ್ತಾ ಕೂತ್ಕೋಬೇಡ."

ಒಂದು ದಿನ ಪೂರ್ತಿ ವಿಮಾನದಲ್ಲಿ ಕೂತು ಬಂದ ಹುಡುಗ ಹಿಂದಿನ ಸೀಟಿನಲ್ಲಿ ಆಗಲೇ ನಿದ್ದೆ ಹೋಗಿರುತ್ತಿದ್ದ. ದ್ವಾರಕಾನಾಥ ಕನ್ನಡಿಯಲ್ಲಿ ನೋಡಿ, ಎಬ್ಬಿಸಿ, ಮತ್ತೆ ಮೊದಲಿನಿಂದ ಹೇಳುತ್ತಿದ್ದ.

ಹೇಳುವ ಮನುಷ್ಯ ತಾನೇ ಓದು ಮುಗಿಸಿದವನಲ್ಲ. ಸೀಕಾಕಸ್‌ನಲ್ಲಿ ಬಣ್ಣ, ರಾಸಾಯನಿಕ ತುಂಬಿಡುವ ಗೋದಾಮಿನ ಮೇಲ್ವಿಚಾರಕ. ಒಮ್ಮೆ ಕನ್ನಡದವರ ಪಿಕ್ನಿಕ್‌ನಲ್ಲಿ ಸುಬ್ಬು ಎಂಬ ಹೊಸ ಎಂಜಿನಿಯರು, "ಕಾಲೇಜು ಅರ್ಧಕ್ಕೆ ಬಿಟ್ಟೋರು ಕಾಲೇಜಿಗೆ ಹೋಗೋರಿಗೆ ಅಡ್ವೈಸ್ ಮಾಡ್ತಾರಲ್ರೀ" ಎಂದು ನಗೆ ಎಬ್ಬಿಸಿದ. ಮೊಸರನ್ನ ಬಡಿಸುತ್ತಿದ್ದ ದ್ವಾರಕಾನಾಥನಿಗೆ ಅದು ಕೇಳಿಸಿತು. ಸುಬ್ಬುವಿನ ತಟ್ಟೆಗೂ ಒಂದು ಸೌಟು ಬಡಿಸಿ ಮುಂದೆ ಹೋದ. ನನ್ನನ್ನು ಕೇಳಿದರೆ ಆ ಸೌಟನ್ನು ತಲೆಯ ಮೇಲೇ ಬಡಿಸಬೇಕಿತ್ತು. ಆದರೆ ದ್ವಾರಕಾನಾಥನದು ಅಂಥ ಜೀವವಲ್ಲ.

ಅವನು ಬಂದದ್ದು ೧೯೬೮ರಲ್ಲಿ, ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ನ್ಯೂಅರ್ಕ್ ಕಡೆಯ ಒಂದು ಕಾಲೇಜಿಗೆ, ಪಿಎಚ್.ಡಿ. ಮಾಡಲು. ಚಾಮರಾಜನಗರದ ಹೈಸ್ಕೂಲು ಮೇಷ್ಟ್ರ ಮಗ. ಅವನ ದೊಡ್ಡ ಆಸ್ತಿ ಎಂದರೆ ನೆನಪಿನ ಶಕ್ತಿ. ಒಂದು ಪುಟವನ್ನು ಎರಡು ಸಲ ಓದಿದರೆ ಸಾಕು, ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ ಒಪ್ಪಿಸಿಬಿಡುತ್ತಿದ್ದ. ಮೈಸೂರಿನಲ್ಲಿ ರ‍್ಯಾಂಕು ಬಂದದ್ದು ಹಾಗೆ. ಪುಸ್ತಕದಲ್ಲಿ ದೊಡ್ಡವರು ಬರೆದಿರುವುದಕ್ಕಿಂತ ಚೆನ್ನಾಗಿ ತಾನು ಹೇಗೆ ಬರೆದೇನು ಎಂಬುದು ಅವನ ಪ್ರಾಮಾಣಿಕ ನಂಬಿಕೆ. ಅದು ಅವನೊಬ್ಬನದೇ ಅಲ್ಲ, ನಮ್ಮೆಲ್ಲರನ್ನೂ ಬೆಳೆಸಿದ್ದೇ ಹಾಗೆ.

ಮರುವರ್ಷದ ಮಾರ್ಚ್‌ನಲ್ಲಿ ಪ್ರೊಫೆಸರ್ ಹಾಲರ್ ಅವರ ಪರೀಕ್ಷೆ. ದ್ವಾರಕಾನಾಥ ಪುಟಗಟ್ಟಲೆ ಬರೆದ. ಪುಸ್ತಕದಲ್ಲಿ 'ಮೇಲಿನ ಚಿತ್ರದಲ್ಲಿ ತೋರಿಸಿರುವಂತೆ' ಎಂದಿದ್ದ ಕಡೆ ಅದನ್ನೂ ಬಿಡದೆ ಬರೆದ. ಉತ್ತರ ಪತ್ರಿಕೆಯಲ್ಲಿ ಚಿತ್ರವೇ ಇರಲಿಲ್ಲ. ಮೈಸೂರಿನಲ್ಲಾಗಿದ್ದರೆ ಇದನ್ನು ನೋಡಿ ನಕ್ಕು ಪೂರ್ತಿ ಅಂಕ ಕೊಡುತ್ತಿದ್ದರು.

ಹಾಲರ್ ನಗಲಿಲ್ಲ. ಕೋಣೆಗೆ ಕರೆಸಿ, ಒಂದು ಪಕ್ಕ ಪುಸ್ತಕ, ಒಂದು ಪಕ್ಕ ಉತ್ತರ ಪತ್ರಿಕೆ ಇಟ್ಟು, ನೇರವಾಗಿ ಹೇಳಿದರು: "ನೀನು ತೊಡೆಯ ಮೇಲೆ ಪುಸ್ತಕ ಬಿಚ್ಚಿಟ್ಟುಕೊಂಡು ನಕಲು ಮಾಡಿದ್ದೀಯ. ಇದಕ್ಕೆ ಏನು ಹೇಳುತ್ತೀಯ?"

ದ್ವಾರಕಾನಾಥನಿಗೆ ಮಾತು ಪೂರ್ತಿ ಅರ್ಥವಾಯಿತು. ಆದರೆ ಚಾಮರಾಜನಗರದ ಶಾಲೆಯಲ್ಲಿ ಅವನು ಕಲಿತ ಪಾಠ ಬೇರೆ ಇತ್ತು. ಮೇಷ್ಟ್ರು ಸಿಟ್ಟಿನಲ್ಲಿರುವಾಗ ಎದುರು ಮಾತಾಡುವವನು ಉದ್ಧಟ. ಕೈಕಟ್ಟಿ, ತಲೆ ತಗ್ಗಿಸಿ, ಸುಮ್ಮನೆ ನಿಂತವನನ್ನು ಸಂಜೆಯೊಳಗೆ ಮೇಷ್ಟ್ರೇ ಕರೆದು, ಬೆನ್ನು ಸವರಿ ಕಳಿಸುತ್ತಾರೆ. ಅವನ ಅಪ್ಪನೂ ಹಾಗೆಯೇ ಮಾಡುತ್ತಿದ್ದರು. ಅವನು ಕೈಕಟ್ಟಿ ತಲೆ ತಗ್ಗಿಸಿ ನಿಂತ. ಹಾಲರ್ ಇನ್ನೊಮ್ಮೆ ಕೇಳಿದರು. ಇವನು ಇನ್ನಷ್ಟು ತಗ್ಗಿಸಿದ. ಅವರು ಪುಸ್ತಕ ಮುಚ್ಚಿ, "ಸರಿ, ಹೋಗು" ಎಂದರು.

ಹ್ಯಾರಿಸನ್ ಊರಿನ ಬಾಡಿಗೆ ಕೋಣೆಯಲ್ಲಿ ಅವನ ಜೊತೆಗಿದ್ದವನು ಧಾರವಾಡದ ಬದರೀನಾಥ. ವಿಷಯ ಕೇಳಿ ಬದರಿ ಕುಳಿತಲ್ಲಿಂದ ಎದ್ದು ನಿಂತ.

"ಅಲ್ಲೋ, ಇದರಾಗ ಏನದ? ನಾಳೆ ಹೋಗಿ ಅವರ ಮುಂದ ಎರಡು ಪುಟ ಅಂದು ತೋರಸು. ನಿನ್ನ ತಲಿ ಎಂಥಾದ್ದು ಅಂತ ಅವರಿಗೆ ಗೊತ್ತಾಗ್ತದ. ಮುಗೀತು."

"ಗುರುಗಳ ಹತ್ರ ವಾದ ಮಾಡೋದೇ? ಸಿಟ್ಟು ಇಳಿದ ಮೇಲೆ ಅವರೇ ಕರೀತಾರೆ ಕಣೋ."

"ಅವರ‍್ಯಾಕ ಕರೀತಾರ? ಬೇಕಾದವ ನೀನು."

"ಕರೀತಾರೆ, ಇರು" ಎಂದ ದ್ವಾರಕಾನಾಥ.

ಏಪ್ರಿಲ್ ಕಳೆಯಿತು. ದಿನವೂ ಮಧ್ಯಾಹ್ನ ಕಾಲೇಜಿನ ಆ ಓಣಿಯಂಥ ವರಾಂಡದ ತುದಿಗೆ ಹೋಗಿ ನಿಲ್ಲುತ್ತಿದ್ದ. ಹಾಲರ್ ಅವರ ಬಾಗಿಲು ತೆರೆದಿರುತ್ತಿತ್ತು, ಒಳಗೆ ದೀಪ ಉರಿಯುತ್ತಿತ್ತು. ಕರೆಯದೆ ಹೋಗುವುದು ಹೇಗೆ? ತನ್ನನ್ನು ಕಂಡರೆ ಕರೆದಾರು ಎಂದು ಒಂದೆರಡು ಸಲ ಬಾಗಿಲ ಮುಂದೆಯೇ ಹಾದುಹೋದ. ಅವರು ತಲೆ ಎತ್ತಿ ನೋಡಿದರು, ಇವನು ತಲೆ ತಗ್ಗಿಸಿದ. ಮೇ ಕೊನೆಯಲ್ಲಿ ಡೀನ್ ಕಚೇರಿಯಿಂದ ಕಾಗದ ಬಂತು. ಕಾಲೇಜಿನಲ್ಲಿ ಅವನಿಗೆ ಇನ್ನು ಜಾಗವಿರಲಿಲ್ಲ.

ಮೈಸೂರಿನ ಎಂ.ಎಸ್ಸಿ. ಕೈಯಲ್ಲಿತ್ತು. ಆ ಕಾಲದಲ್ಲಿ ಅದರ ಮೇಲೆಯೇ ಹೇಗೋ ಗ್ರೀನ್ ಕಾರ್ಡ್ ದಕ್ಕಿತು; ಗೋದಾಮಿನ ಕೆಲಸ ಸಿಕ್ಕಿತು. 'ಓದು ಸಾಕೆನಿಸಿತು, ಕೆಲಸಕ್ಕೆ ಸೇರಿದೆ' ಎಂದು ಊರಿಗೆ ಬರೆದ. ಅಪ್ಪ ಕಾರಣ ಕೇಳಲಿಲ್ಲ. ಬದರಿ ಓದು ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಹೋದ. ೧೯೭೨ರಲ್ಲಿ ಮೈಸೂರಿನಿಂದ ತ್ರಿಪುರಸುಂದರಿ ಮದುವೆಯಾಗಿ ಬಂದಳು. ಅವಳಿಗೂ ಅವನು ಹೇಳಿದ್ದು ಅಷ್ಟೇ, ಓದು ಸಾಕೆನಿಸಿತು ಎಂದು. ಅವಳೂ ಹೆಚ್ಚು ಕೇಳುವವಳಲ್ಲ. ಕೂಟಗಳಲ್ಲಿ ಯಾರಾದರೂ ಗಂಡನ ಓದಿನ ಮಾತೆತ್ತಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಅದು ಸಂಕೋಚ ಎಂದು ಅವನು ತಿಳಿದಿದ್ದ.

ಒಳಗೊಳಗೆ ಅವನನ್ನು ನಿಲ್ಲಿಸಿದ್ದು ಒಂದು ಸಿಟ್ಟು. ಹಾಲರ್ ಅನ್ಯಾಯ ಮಾಡಿದರು, ಒಂದು ಸಲ ಕರೆದು ಕೇಳಲಿಲ್ಲ, ನಮ್ಮ ಬಣ್ಣ ನೋಡಿಯೇ ತೀರ್ಮಾನ ಮಾಡಿಬಿಟ್ಟರು. ಬೆಳಗ್ಗೆ ಗೋದಾಮಿಗೆ ಡ್ರೈವ್ ಮಾಡುವಾಗ ಈ ಮಾತುಗಳನ್ನು ಮನಸ್ಸಿನಲ್ಲಿ ಆಡಿಕೊಂಡರೆ ಅವನಿಗೆ ದಿನ ಕಳೆಯುವ ಬಲ ಬರುತ್ತಿತ್ತು.

೧೯೭೭ರಲ್ಲಿ ಬೆಂಗಳೂರಿನ ಪಂಕಜಾ ಅದೇ ಕಾಲೇಜಿಗೆ ಬಂದಳು. ಉಪದೇಶ ಕೇಳುವಾಗ ನಿದ್ದೆ ಮಾಡದ ಹುಡುಗಿ ಅವಳೊಬ್ಬಳೇ. ಮುಂದಿನ ವಸಂತದಲ್ಲಿ, ಒಂದು ಭಾನುವಾರ ದ್ವಾರಕಾನಾಥನ ಮನೆಗೆ ಊಟಕ್ಕೆ ಬಂದವಳ ಮುಖ ಬಾಡಿತ್ತು. ಪರೀಕ್ಷೆಯ ಒಂದು ಇಡೀ ಉತ್ತರಕ್ಕೆ ಅಂಕವನ್ನೇ ಹಾಕಿಲ್ಲ, ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂದಳು.

"ಯಾವ ಪ್ರೊಫೆಸರು?" ಎಂದ ದ್ವಾರಕಾನಾಥ.

"ಹಾಲರ್ ಅಂತ, ಅಂಕಲ್. ಈ ವರ್ಷ ರಿಟೈರ್ ಆಗ್ತಾರೆ."

ಅವನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆಮೇಲೆ, "ನಾನೂ ಅವರ ಹತ್ರ ಓದಿದೋನೇ. ನಾಳೆ ಬೆಳಗ್ಗೆ ಹೋಗ್ತೀಯ. ಹೋಗಿ ಕೇಳ್ತೀಯ" ಎಂದ. ಆ ದನಿಯಲ್ಲಿ ಅವನು ಮಾತಾಡಿದ್ದನ್ನು ಸುಂದರಿ ಹಿಂದೆಂದೂ ಕೇಳಿರಲಿಲ್ಲ.

ಮರುದಿನ ಪಂಕಜಾ ಫೋನ್ ಮಾಡಿದಳು. ಪ್ರೊಫೆಸರು ಪತ್ರಿಕೆ ತಿರುವಿ ನೋಡಿ, ತಪ್ಪಾಯಿತೆಂದು ಹೇಳಿ, ಅಂಕ ಸರಿ ಮಾಡಿಕೊಟ್ಟರಂತೆ. ಕೆಲಸ ನೀರು ಕುಡಿದಷ್ಟು ಸುಲಭವಾಗಿ ಆಗಿಹೋಗಿತ್ತು. "ಧೈರ್ಯವಾಗಿ ಬಂದೆಯಲ್ಲ ಅಂದ್ರು ಅಂಕಲ್. ಅವರ ಹಳೇ ಸ್ಟೂಡೆಂಟೇ ಕಳಿಸಿದ್ದು ಅಂತ ನಿಮ್ಮ ಹೆಸರು ಹೇಳಿದೆ. ಆಮೇಲೆ, ಅವರನ್ನ ಒಂದು ಸಲ ಬರೋದಕ್ಕೆ ಹೇಳ್ತೀಯಾ ಅಂತ ಕೇಳಿದ್ರು."

ಕರೆ ಬಂದಿತ್ತು, ಒಂಬತ್ತು ವರ್ಷ ತಡವಾಗಿ. ದ್ವಾರಕಾನಾಥ ರಜೆ ಹಾಕಿ, ಮದುವೆಯ ಕಾಲದ ಕೋಟು ತೊಟ್ಟು ಹೋದ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡ. ಈ ಸಲ ಬಿಡುವುದಿಲ್ಲ, ನೀವು ಮಾಡಿದ್ದು ಅನ್ಯಾಯ ಎಂದು ಮುಖ ನೋಡಿ ಹೇಳಿಯೇ ತೀರುತ್ತೇನೆ ಎಂದುಕೊಂಡ.

ಹಾಲರ್ ತುಂಬಾ ಮುದುಕರಾಗಿದ್ದರು. ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದ್ದರಿಂದ ಕೋಣೆ ಬೋಳಾಗಿತ್ತು. ಅವರೇ ಎದ್ದು ಕುರ್ಚಿ ಸರಿಸಿಕೊಟ್ಟರು.

"ನಾಲ್ಕು ವರ್ಷದ ಹಿಂದೆ ಮದ್ರಾಸಿನಿಂದ ಒಬ್ಬ ಹುಡುಗ ಬಂದಿದ್ದ" ಎಂದರು. "ಅವನೂ ಪುಸ್ತಕವನ್ನು ಹಾಗೆಯೇ ಬರೆದಿದ್ದ. ನಾನು ನಿನಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ. ಅವನು ಮರುದಿನ ಬಂದು, ಇದೇ ಜಾಗದಲ್ಲಿ ನಿಂತು, ಒಂದು ಅಧ್ಯಾಯ ಪೂರ್ತಿ ಹೇಳಿ ತೋರಿಸಿದ. ಅವತ್ತು ನನಗೆ ನೀನು ನೆನಪಾದೆ. ಕಾಲೇಜಿನಲ್ಲಿ ನಿನ್ನ ವಿಳಾಸ ಸಿಗಲಿಲ್ಲ."

ದ್ವಾರಕಾನಾಥ ದಾರಿಯಲ್ಲಿ ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ.

"ನೀನು ನಕಲು ಮಾಡಿದ್ದು ಹೌದೋ ಅಲ್ಲವೋ ಎಂದು ನನಗೆ ಆಗಲೇ ಅನುಮಾನವಿತ್ತು" ಎಂದರು ಹಾಲರ್. "ಅದಕ್ಕೇ ವರದಿಯನ್ನು ಡೀನ್‌ಗೆ ಕಳಿಸದೆ ಕೊನೆಯ ವಾರದವರೆಗೆ ಇಟ್ಟುಕೊಂಡಿದ್ದೆ. ಮಧ್ಯಾಹ್ನ ಬಾಗಿಲು ತೆರೆದು ಕೂರುತ್ತಿದ್ದೆ. ನೀನು ಇಲ್ಲೇ ಓಡಾಡುತ್ತಿದ್ದೆ. ಒಳಗೆ ಯಾಕೆ ಬರಲಿಲ್ಲ?"

"ನೀವು ಕರೀತೀರಿ ಅಂತ ಕಾಯ್ತಿದ್ದೆ, ಸರ್."

ಮುದುಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀನು ಬರುತ್ತೀಯ ಅಂತ ನಾನು ಕಾಯುತ್ತಿದ್ದೆ" ಎಂದರು.

ಅದಕ್ಕಿಂತ ಹೆಚ್ಚು ಮಾತಾಗಲಿಲ್ಲ. ಅವರು ಕ್ಷಮೆ ಕೇಳಿದರು. ಇವನು ಪರವಾಗಿಲ್ಲ ಸರ್ ಎಂದ. ವಾಪಸ್ಸು ಬರುವಾಗ ದ್ವಾರಕಾನಾಥನಿಗೆ ಒಂದು ವಿಚಿತ್ರ ಕಷ್ಟ ಎದುರಾಯಿತು. ಬಯ್ಯೋಣ ಎಂದರೆ ಯಾರೂ ಉಳಿದಿರಲಿಲ್ಲ. ಇಷ್ಟು ವರ್ಷ ಊರುಗೋಲಾಗಿದ್ದ ಸಿಟ್ಟು ಕೈಯಿಂದ ಜಾರಿತ್ತು. ಅನ್ಯಾಯವಾಗಿದ್ದರೆ ಹೇಗೋ ಸಹಿಸಬಹುದು; ಒಂದು ತೆರೆದ ಬಾಗಿಲಿನ ಮುಂದೆ ತಾನೇ ನಿಂತು ತಾನೇ ಹಿಂತಿರುಗಿದ್ದನ್ನು ಹೇಗೆ ಸಹಿಸುವುದು?

ಮನೆಗೆ ಬಂದಾಗ ಸುಂದರಿ ಹುಳಿಗೆ ತರಕಾರಿ ಹೆಚ್ಚುತ್ತಿದ್ದಳು. "ಏನ್ರೀ, ಕೋಟು ಹಾಕ್ಕೊಂಡು ಎಲ್ಲಿಗೆ ಹೋಗಿದ್ರಿ?" ಎಂದಳು. ಅವನು ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಮೊದಲ ಸಲ, ಎಲ್ಲವನ್ನೂ ಹೇಳಿದ. ಪರೀಕ್ಷೆ, ಬಾಯಿಪಾಠ, ತಗ್ಗಿಸಿದ ತಲೆ, ಬದರಿಯ ಮಾತು, ವರಾಂಡ, ಇವತ್ತಿನ ಮುದುಕ. ಅವಳು ಚಾಕು ಕೆಳಗಿಟ್ಟು ಕೇಳಿದಳು.

"ಹಾಗಾದ್ರೆ ನೀವು ಕಾಪಿ ಹೊಡೆದಿರಲಿಲ್ವಾ?"

"ಹಾಗಂತ ಯಾರು ಹೇಳಿದ್ರು?" ಎಂದ.

"ನಾನು ಬಂದ ವರ್ಷಾನೇ ಪಿಕ್ನಿಕ್‌ನಲ್ಲಿ ನಮ್ಮ ಕೂಟದ ಕಲಾ ಹೇಳಿದ್ಲು" ಎಂದಳು ಸುಂದರಿ. "ನಿಮ್ಮ ಯಜಮಾನ್ರು ಕಾಪಿ ಹೊಡೆದು ಸಿಕ್ಕಿಬಿದ್ರಂತೆ, ಅದಕ್ಕೇ ಕಾಲೇಜಿಂದ ತೆಗೆದ್ರಂತೆ ಅಂತ. ನೀವೂ ಏನೂ ಹೇಳ್ಲಿಲ್ಲ. ಇರಬಹುದು, ವಯಸ್ಸಲ್ಲಿ ಏನೋ ತಪ್ಪು ಮಾಡಿದಾರೆ, ಪಾಪ, ನಾಚಿಕೆ ಪಡ್ತಿದಾರೆ ಅನ್ಕೊಂಡೆ."

ಆರು ವರ್ಷ ಅವಳು ಅದನ್ನು ನಂಬಿಕೊಂಡೇ ಸಂಸಾರ ಮಾಡಿದ್ದಳು. ಮಾತಿನಲ್ಲಿ ಒಮ್ಮೆಯೂ ಚುಚ್ಚಿರಲಿಲ್ಲ, ಒಂದು ದಿನವೂ ಹೀನಾಯವಾಗಿ ನೋಡಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ಗಂಡನ ಪಕ್ಕದಲ್ಲಿ, ಅವನ ಕಳ್ಳತನವನ್ನು ಮುಚ್ಚಿಟ್ಟುಕೊಂಡು ಬದುಕಿದ್ದಳು. ದ್ವಾರಕಾನಾಥನಿಗೆ ಕಾಲೇಜು ಕಳೆದುಕೊಂಡ ದಿನವೂ ಇಷ್ಟು ನೋವಾಗಿರಲಿಲ್ಲ.

"ಒಂದು ಸಲ ನನ್ನ ಕೇಳಬಾರದಿತ್ತೇ, ಸುಂದರಿ?" ಎಂದ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ, ರೀ" ಎಂದಳು.